ಟವೆಲ್ಲಿನ ಕೆಳಗೊಂದು ಕರಾಟೆ

ಒಂದು ಕರಾಟೆ ವಿಡಿಯೋ ಗೇಮಿನ ಪೆಟ್ಟಿಗೆಗೆ ನಾನು ತೆತ್ತ ಬೆಲೆ ಇಷ್ಟು: ಚೆನ್ನಾಗಿ ಓಡುತ್ತಿದ್ದ ನನ್ನ ಮೋಟಾರ್ ಸೈಕಲ್ಲು, ಮತ್ತು ನನ್ನ ಹೆಂಡತಿಗೆ ಮಾತು ಕೊಟ್ಟಿದ್ದ ಬೀದಿಕಡೆಯ ಕೋಣೆ. ಮೋಟಾರ್ ಸೈಕಲ್ಲು ಹೋದದ್ದಕ್ಕೆ ನನ್ನ ಟವೆಲ್ಲು ಕಾರಣ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಆದವಾನಿ ಹತ್ತಿ ಮಾರ್ಕೆಟ್ಟಿನಲ್ಲಿ ದರವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಟವೆಲ್ಲಿನ ಕೆಳಗೆ ಕೈ ಇಡುತ್ತಾರೆ. ಮೇಲೆ ಮುಖಗಳು ಮಳೆಯ ಬಗ್ಗೆ, ಬೀಗರ ಬಗ್ಗೆ ಮಾತಾಡುತ್ತಿರುತ್ತವೆ, ಕೆಳಗೆ ಬೆರಳುಗಳು ಬೆರಳುಗಳನ್ನು ಹಿಡಿದು ಜಗ್ಗಾಡುತ್ತಿರುತ್ತವೆ. ಎರಡು ಬೆರಳು ಹಿಡಿದರೆ ಒಂದು ಅರ್ಥ, ಮೂರು ಹಿಡಿದರೆ ಇನ್ನೊಂದು. ಇಡೀ ಅಂಗೈ ಹಿಡಿದುಬಿಟ್ಟರೆ ಮುಗಿಯಿತು, ವ್ಯಾಪಾರ ಕುದುರಿತು, ಆಮೇಲೆ ಹಿಂದೆ ಸರಿದವನಿಗೆ ಮಾರ್ಕೆಟ್ಟಿನಲ್ಲಿ ಚಹಾ ಕೂಡ ಹುಟ್ಟುವುದಿಲ್ಲ. ಹಾಲಹರವಿಯಿಂದ ಬಂದು ಹತ್ತಿ ಅಂಡಿಗೆ, ಅಂದರೆ ಮೂಟೆ, ಹೊರುತ್ತಿದ್ದ ನಾನು ದಲಾಲಿಯಾಗಿ, ಸ್ವಂತ ಅಡತಿ ಅಂಗಡಿ ಇಟ್ಟದ್ದು ಈ ಹತ್ತು ಬೆರಳುಗಳ ಪುಣ್ಯದಿಂದ.

ಕಳೆದ ಬೇಸಿಗೆಯಲ್ಲಿ ಹತ್ತಿಕಾಳಿನ ವ್ಯವಹಾರಕ್ಕೆಂದು ಬಳ್ಳಾರಿಗೆ ಹೋಗಿದ್ದೆ. ಸುಡುಬಿಸಿಲಿನ ಮಧ್ಯಾಹ್ನ, ಬೀದಿಯಲ್ಲಿ ನಾಯಿ ಕೂಡ ಇರಲಿಲ್ಲ. ಅರ್ಧ ಇಳಿಸಿದ ಒಂದು ಷಟರಿನ ಕೆಳಗಿಂದ ನೀಲಿ ಬೆಳಕು ನೀರಿನಂತೆ ಹೊರಗೆ ಹರಿಯುತ್ತಿತ್ತು. ಬಗ್ಗಿ ನೋಡಿದೆ. ಕತ್ತಲೆ ಅಂಗಡಿಯಲ್ಲಿ ಬೀರುವಿನಷ್ಟು ಎತ್ತರದ ಪೆಟ್ಟಿಗೆ. ಅದರ ಗಾಜಿನೊಳಗೆ ಸಮುದ್ರ, ಸಮುದ್ರದ ಮೇಲೆ ಕೆಂಪು ಸೂರ್ಯ, ದಂಡೆಯಲ್ಲಿ ಇಬ್ಬರು ಒಬ್ಬರಿಗೊಬ್ಬರು ತಲೆಬಾಗಿ ನಮಸ್ಕಾರ ಮಾಡುತ್ತಿದ್ದರು. ನಾನು ಸಮುದ್ರ ಕಂಡವನಲ್ಲ. ಪತ್ತಿಕೊಂಡದ ಕೆರೆಯೇ ನನ್ನ ಮಟ್ಟಿಗೆ ದೊಡ್ಡ ನೀರು. ಎಷ್ಟು ಹೊತ್ತು ಹಾಗೆ ಬಗ್ಗಿಕೊಂಡೇ ಇದ್ದೆನೋ, ಒಳಗಿನಿಂದ ಅಂಗಡಿಯ ಇಮಾಮ್ ಭಾಯ್ ಕರೆದ: “ಅಂದರ್ ಆವೋ ಸಾವ್ಕಾರ್, ದೇಖ್ನೇಕು ಪೈಸೆ ನಕ್ಕೋ.” ನೋಡುವುದಕ್ಕೆ ದುಡ್ಡು ಬೇಡವಂತೆ.

ಆತ ಅಂಗಡಿ ಮುಚ್ಚಿ ಬೇರೆ ಊರಿಗೆ ಹೊರಟಿದ್ದ. ಪೆಟ್ಟಿಗೆ ಕೊಡುತ್ತೀಯಾ ಎಂದು ಕೇಳಿದೆ. ಬಾಗಿಲಲ್ಲಿದ್ದ ನನ್ನ ಮೋಟಾರ್ ಸೈಕಲ್ಲಿನ ಕಡೆ ಬೆರಳು ತೋರಿಸಿ, ಅದನ್ನು ಕೊಟ್ಟು ಇದನ್ನು ಒಯ್ಯಿ ಎಂದ. ನಾನು ಒಳಗೊಳಗೇ ನಕ್ಕೆ. ಗಾಡಿ ಉಳಿಸಿಕೊಂಡು ಪುಡಿಗಾಸಿನಲ್ಲಿ ಮುಗಿಸಬೇಕೆಂದು ಹೆಗಲ ಮೇಲಿನ ಟವೆಲ್ಲು ತೆಗೆದು ಇಬ್ಬರ ಕೈಮೇಲೆ ಹಾಸಿ, ಅವನ ಎರಡು ಬೆರಳು ಹಿಡಿದೆ. ಪಾಪ, ಅವನಿಗೆ ನಮ್ಮ ಮಾರ್ಕೆಟ್ಟಿನ ಪದ್ಧತಿ ಏನು ಗೊತ್ತು? ಇದು ಆದವಾನಿಯವರ ದೊಡ್ಡ ಮರ್ಯಾದೆ ಇರಬೇಕೆಂದು ತಿಳಿದು ಎರಡೂ ಕೈಯಿಂದ ನನ್ನ ಅಂಗೈ ಹಿಡಿದು ಕುಲುಕಿ, “ಮುಬಾರಕ್! ಸೌದಾ ಪಕ್ಕಾ!” ಎಂದುಬಿಟ್ಟ. ಅಂಗೈ ಹಿಡಿದಾಯಿತು. ಇನ್ನು ನಾನು ಮಾತಾಡುವ ಹಾಗಿರಲಿಲ್ಲ. ಸಂಜೆಗೆ ಲಾರಿಯ ಹಿಂಭಾಗದಲ್ಲಿ ಪೆಟ್ಟಿಗೆಯನ್ನು ತಬ್ಬಿಕೊಂಡು ಊರಿಗೆ ಬಂದೆ.

ಬಾಗಿಲಲ್ಲಿ ನನ್ನ ಹೆಂಡತಿ ಶಂಕ್ರಮ್ಮ ನಿಂತಿದ್ದಳು. ಆಕೆ ನಮ್ಮ ಓಣಿಯ ಹೆಂಗಸರಿಗೆಲ್ಲ ಜಂಪರು ಹೊಲಿಯುತ್ತಾಳೆ. ಹೊಲಿಗೆ ಮಷಿನ್ನು ಇದ್ದದ್ದು ಅಡಿಗೆಮನೆಯಲ್ಲಿ. “ಅಕ್ಕಾ, ಜಂಪರ್ ಚಲೋ ಕುಂತೈತಿ, ಆದ್ರ ಹಾಕ್ಕೊಂಡ್ರ ಉಳ್ಳಾಗಡ್ಡಿ ಒಗ್ಗರಣಿ ವಾಸನಿ ಬರ್ತೈತಿ” ಎಂದು ಗಿರಾಕಿಗಳು ಒಬ್ಬೊಬ್ಬರೇ ಬೇರೆ ಕಡೆ ಹೋಗತೊಡಗಿದ್ದರು. ಬೀದಿಕಡೆಯ ಕೋಣೆಯನ್ನು ನಿನ್ನ ಹೊಲಿಗೆಗೆ ಬಿಟ್ಟುಕೊಡುತ್ತೇನೆಂದು ನಾನೇ ಮಾತು ಕೊಟ್ಟಿದ್ದೆ.

“ಏನ್ರಿ ಇದು, ಬೀರುವೇನು?”

“ವಿಡಿಯೋ ಗೇಮು. ಹುಡುಗರು ಸಾಲು ನಿಂತು ರೊಕ್ಕ ಹಾಕ್ತಾರ.”

“ಗಾಡಿ ಎಲ್ಲೈತ್ರಿ?”

“ಇದ್ರಾಗ ಐತಿ” ಎಂದು ಪೆಟ್ಟಿಗೆ ತಟ್ಟಿದೆ.

ಆಕೆ ಪೆಟ್ಟಿಗೆಯನ್ನು ನೋಡಿದಳು, ಕೋಣೆಯ ಬಾಗಿಲು ನೋಡಿದಳು. “ಹಂಗಾರ ನನ್ನ ಕೋಣಿನೂ ಇದ್ರಾಗಾ ಹೋತು ಅನ್ರಿ” ಎಂದು ಒಳಗೆ ನಡೆದಳು. ಅಡಿಗೆಮನೆಯಿಂದ ಹೊಲಿಗೆ ಮಷಿನ್ನಿನ ಸಪ್ಪಳ ಶುರುವಾಯಿತು. ಅಷ್ಟು ಸಿಟ್ಟಿನ ಹೊಲಿಗೆಯನ್ನು ನಾನು ಕೇಳಿರಲಿಲ್ಲ.

ಈಗ ಆ ಆಟದ ಗುಣದೋಷ ಹೇಳುತ್ತೇನೆ, ಕೊಳ್ಳುವವರಿಗೆ ಉಪಯೋಗವಾದೀತು. ಗುಣಗಳು ದೊಡ್ಡವು. ಅಲ್ಲಿ ಹೊಡೆದಾಡುವವರು ಮೊದಲು ನಮಸ್ಕಾರ ಮಾಡುತ್ತಾರೆ, ಬಿದ್ದ ಮೇಲೂ ಎದ್ದು ನಮಸ್ಕಾರ ಮಾಡುತ್ತಾರೆ. ಪಂಚಾಯಿತಿ ಇಲ್ಲ, ಪೊಲೀಸ್ ಸ್ಟೇಷನ್ ಇಲ್ಲ. ನಡುವೆ ಬಿಳಿ ಗಡ್ಡದ ಹಿರಿಯನೊಬ್ಬ ನಿಂತು ಗೆದ್ದವನ ಕಡೆ ಕೈ ಎತ್ತುತ್ತಾನೆ. ಪಕ್ಕದ ಮನೆಯ ರಾಘಣ್ಣ, ತಾಲೂಕು ಕಚೇರಿಯ ಗುಮಾಸ್ತ, ಊಟದ ಬಿಡುವಿನಲ್ಲಿ ನೋಡಲು ಬಂದವನು ಆ ಹಿರಿಯನನ್ನು ಕಂಡು, “ಥೇಟ್ ನೀನಾ ನೋಡಪಾ! ಹೊಡಿಯಂಗಿಲ್ಲ, ಬಡಿಸಿಕೊಳ್ಳಂಗಿಲ್ಲ, ನಡಕ ನಿಂತು ಕೈ ಎತ್ತತಾನ. ದಲಾಲಿ ಎಷ್ಟು ತಗೋತಾನಂತ?” ಎಂದ. ಎಲ್ಲಕ್ಕಿಂತ ದೊಡ್ಡ ಗುಣವೆಂದರೆ, ಯಾರೂ ದುಡ್ಡು ಹಾಕದಿದ್ದಾಗ ಪೆಟ್ಟಿಗೆ ತನ್ನಷ್ಟಕ್ಕೆ ತಾನೇ ಆಡಿಕೊಳ್ಳುತ್ತದೆ. ಮಾರ್ಕೆಟ್ಟು ಮಲಗಿದ ಮಧ್ಯಾಹ್ನಗಳಲ್ಲಿ ನಾನು ಅದರೆದುರು ಕೂರುತ್ತಿದ್ದೆ. ಜಿನ್ನಿಂಗ್ ಮಿಲ್ಲಿನಿಂದ ಹಾರಿಬಂದ ಹತ್ತಿಯ ಎಳೆಗಳು ಕಿಟಕಿಯ ಬಿಸಿಲಲ್ಲಿ ತೇಲಾಡುತ್ತಿದ್ದವು. ಕಣ್ಣು ಅರ್ಧ ಮುಚ್ಚಿದರೆ ಅವೇ ಸಮುದ್ರದ ಮೇಲಿನ ಹಕ್ಕಿಗಳು. ಕೆಂಪು ಸೂರ್ಯ ಮುಳುಗುತ್ತಲೂ ಇರಲಿಲ್ಲ, ಏರುತ್ತಲೂ ಇರಲಿಲ್ಲ. ಕಾಲಿಗೆ ತಂಪು ನೀರು ತಾಗಿದಂತಾಗಿ ಎಷ್ಟೋ ಸಲ ಚಪ್ಪಲಿ ಎಳೆದುಕೊಂಡಿದ್ದೇನೆ.

ಇನ್ನು ದೋಷಗಳು. ಮಿಲ್ಲಿನ ದೊಡ್ಡ ಮೋಟಾರು ಶುರುವಾದರೆ ನಮ್ಮ ಓಣಿಯ ವೋಲ್ಟೇಜು ಬಿದ್ದು, ಸಮುದ್ರ ಬಾಗಿ, ಪೈಲ್ವಾನರು ಕುಗ್ಗಿ ಇರುವೆಯಾಗುತ್ತಾರೆ. ಎರಡನೆಯದಾಗಿ, ಅದಕ್ಕೆ ಎರಡು ಹಿಡಿಕೆ. ಒಂದು ನಡೆಸಲು, ಒಂದು ಹೊಡೆಯಲು. ನನ್ನ ಬೆರಳಿಗೆ ಬಯಲಿನಲ್ಲಿ ಕೆಲಸ ಮಾಡಿ ಅಭ್ಯಾಸವಿಲ್ಲ. ಆದ್ದರಿಂದ ಎರಡೂ ಹಿಡಿಕೆಯ ಮೇಲೆ ಟವೆಲ್ಲು ಹಾಸಿ ಆಡುತ್ತಿದ್ದೆ. ಒಂದು ಹೆಜ್ಜೆ ಮುಂದೆ, ಎರಡು ಹಿಂದೆ, ಒದೆಯುವಂತೆ ತೋರಿಸಿ ಒದೆಯದೆ ಬಿಡುವುದು, ನನಗೇನೂ ಆಸೆಯಿಲ್ಲ ಎಂಬಂತೆ ತಿರುಗಿ ನಿಲ್ಲುವುದು. ಇದರಿಂದ ಎಂಥೆಂಥ ಮಿಲ್ ಮಾಲಿಕರು ಬೆವರಿದ್ದಾರೆ! ಕರಾಟೆಯವನು ಬೆವರಲಿಲ್ಲ. ಮೂರನೆಯವನಾಗಿ ಬರುವ ಕೆಂಪಂಗಿಯವನು ನಾನು ತಿರುಗಿ ನಿಂತ ಗಳಿಗೆಗೇ ಬೆನ್ನಿಗೆ ಒದೆಯುತ್ತಿದ್ದ. ಚೌಕಾಸಿ ಬಾರದವನ ಜೊತೆ ಗೆಲ್ಲುವುದು ಹೇಗೆ?

ಗಿರಾಕಿಗಳೂ ನಿಲ್ಲಲಿಲ್ಲ. ಅದು ಪೆಟ್ಟಿಗೆಯ ದೋಷವೆಂದೇ ನಾನು ಎಣಿಸಿದ್ದೆ. ಆಡುವವರ ಬೆನ್ನ ಹಿಂದೆ ನಿಂತು, ಎಡಕ್ಕೆ ತಿರುಗಿಸು, ಅವಸರ ಬೇಡ, ಅವನಿಗೆ ಆಸೆ ತೋರಿಸು ಎಂದು ನಾನು ಬಿಟ್ಟಿಯಾಗಿ ಹೇಳಿಕೊಡುತ್ತಿದ್ದೆ. ಒಂದು ದಿನ ಮಿಲ್ಲಿನ ಕೆಲಸಗಾರನೊಬ್ಬ ಹಿಡಿಕೆ ಬಿಟ್ಟು ತಿರುಗಿ, “ಏಂ ಸಾವುಕಾರಾ, ನುವ್ವಾಡ್ತಾವಾ, ನನ್ನಾಡನಿಸ್ತಾವಾ?” ಎಂದ. ಆಡುವವನು ನೀನೋ ನಾನೋ ಎಂದು ಕೇಳಿ ಹೋದವನು ಮತ್ತೆ ಬರಲಿಲ್ಲ, ತನ್ನ ಗೆಳೆಯರನ್ನೂ ಬರಗೊಡಲಿಲ್ಲ.

ಶ್ರಾವಣ ಹತ್ತಿರ ಬಂತು. ಮದುವೆ ಮನೆಯೊಂದರಿಂದ ಶಂಕ್ರಮ್ಮನಿಗೆ ಜಂಪರುಗಳ ದೊಡ್ಡ ಗಂಟೇ ಬಂದಿತ್ತು. ಬಟ್ಟೆಗೆ ಒಗ್ಗರಣೆ ತಾಗಿದರೆ ವಾಪಸು ಎಂದು ಆ ಮನೆಯ ಬೀಗತಿ ಮೊದಲೇ ಎಚ್ಚರಿಸಿದ್ದಳು. ಅಂದು ರಾಘಣ್ಣನ ಎದುರೇ ಶಂಕ್ರಮ್ಮ ಕೋಣೆಗೆ ಬಂದು ಹೇಳಿದಳು: “ಆ ಕೆಂಪಂಗಿಯವನ್ನ ನೀವು ಕೆಡವಿದ್ರ ಕೋಣಿ ನಿಮ್ದು. ನಾ ಕೆಡವಿದ್ರ ನಂದು. ರಾಘಣ್ಣ ಸಾಕ್ಷಿ.”

“ನೀ ಒಮ್ಮಿನೂ ಆಡಿಲ್ಲಲ್ಲಾ?”

“ನಿಮಗ ಅದಾ ಚಲೋ ಆತಲ್ರಿ.”

ಕರಾರುಗಳನ್ನೆಲ್ಲ ನನ್ನ ಕಡೆಗೇ ಎಳೆದುಕೊಂಡೆ. ಮೊದಲ ಆಟ ನನ್ನದು, ಆಕೆಗೆ ಒಂದೇ ಆಟ, ಕರೆಂಟು ಹೋದರೆ ಮತ್ತೆ ಕೇಳುವಂತಿಲ್ಲ. ಎಲ್ಲದಕ್ಕೂ ಆಕೆ ಹೂಂ ಎಂದಳು. ನಾನು ಟವೆಲ್ಲು ಹಾಸಿ ಆಡಿದೆ. ಅಂದಿನಷ್ಟು ಚೆಂದದ ಚೌಕಾಸಿ ನನ್ನ ಜನ್ಮದಲ್ಲಿ ಮಾಡಿಲ್ಲ. ಕೆಂಪಂಗಿಯವನು ಬಂದ, ಒದ್ದ, ನಾನು ಬಿದ್ದೆ, ಬಿಳಿ ಗಡ್ಡದವನು ಅವನ ಕಡೆ ಕೈ ಎತ್ತಿದ.

ಶಂಕ್ರಮ್ಮ ಟವೆಲ್ಲನ್ನು ತೆಗೆದು ನನ್ನ ಹೆಗಲಿಗೆ ಹಾಕಿ, ಸ್ಟೂಲ್ ಎಳೆದುಕೊಂಡು ಕೂತಳು. ಗಾಜಿನೊಳಗೆ ಆಕೆ ಆಡಿಸುವ ಕರಾಟೆ ಹುಡುಗ ದಂಡೆಯ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತ. ಎದುರಾಳಿ ಹತ್ತಿರ ಬಂದಾಗ ಕಾಲಿಗೆ ಒಂದು ಒದೆ. ಅವನು ಬಿದ್ದ. ಎದ್ದ, ಬಂದ, ಮತ್ತೆ ಅದೇ ಒದೆ. ಹೊಲಿಗೆಯ ಪೆಡಲು ತುಳಿಯುವ ಹಾಗೆ ಆಕೆಯ ಪಾದ ನೆಲದ ಮೇಲೆ ತಾಳ ಹಾಕುತ್ತಿತ್ತು. ಕೆಂಪಂಗಿಯವನು ಬರುವ ಹೊತ್ತಿಗೆ ಸರಿಯಾಗಿ ಮಿಲ್ಲಿನ ಮೋಟಾರು ಗುಂಯ್ ಎಂದಿತು. ಸಮುದ್ರ ಬಾಗಿತು, ಸೂರ್ಯ ಚಪ್ಪಟೆಯಾದ, ಗಾಜಿನಲ್ಲಿ ಒಂದು ನೀಲಿ ಗೆರೆ ಮಾತ್ರ ಉಳಿಯಿತು. ದೇವರು ನನ್ನ ಕಡೆ ಇದ್ದಾನೆ ಅಂದುಕೊಂಡೆ. ಆಕೆ ಕಣ್ಣು ಮುಚ್ಚಿ ತಾಳ ಮುಂದುವರಿಸಿದಳು. ವೋಲ್ಟೇಜು ತಿರುಗಿ ಬಂದಾಗ ಕೆಂಪಂಗಿ ಮರಳಿನ ಮೇಲೆ ಮಲಗಿತ್ತು.

“ನೋಡದಾ ಹೆಂಗ ಹೊಡದೆವ್ವಾ ತಾಯಿ?” ಎಂದು ರಾಘಣ್ಣ ಕೈ ಮುಗಿದ.

“ಅಡಿಗಿಮನ್ಯಾಗ ದಿನಾ ಕೇಳ್ತೈತಲ್ಲಣ್ಣಾ. ಅವನು ಬರೋ ಸಪ್ಪಳ ಒಂದಾ ಥರ. ಇವರು ಸೋಲೋದು ಮಾತ್ರ ದಿನಾ ಬ್ಯಾರೆ ಬ್ಯಾರೆ ಥರ.”

ಮರುದಿನವೇ ಹೊಲಿಗೆ ಮಷಿನ್ನು ಕೋಣೆಗೆ ಬಂತು. ಪೆಟ್ಟಿಗೆಯನ್ನು ಕೊಳ್ಳುವವರು ಸಿಗದೆ ಅದೂ ಮೂಲೆಯಲ್ಲೇ ಉಳಿಯಿತು. ಈಗ ಜಂಪರಿಗೆ ಕಾಯುವ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಕರಾಟೆ ಆಡುತ್ತಾರೆ. ಹಿಂದೆ ನಿಂತು ಹೇಳಿಕೊಡುವವರಿಲ್ಲದ್ದರಿಂದ ನಾಣ್ಯಗಳು ಬೀಳುತ್ತಿವೆ. ನನಗೆ ಕೋಣೆಯೊಳಗೆ ಪ್ರವೇಶವಿಲ್ಲ. ಕುತ್ತಿಗೆಯ ಅಳತೆಯ ಬಗ್ಗೆ ಬೀಗತಿಗೆ ಒಂದು ಸಲಹೆ ಕೊಟ್ಟದ್ದು ತಪ್ಪಾಯಿತು.

ಆದರೆ ಸಮುದ್ರವಿಲ್ಲದ ಮಧ್ಯಾಹ್ನಗಳನ್ನು ಕಳೆಯುವುದು ಹೇಗೆ? ಒಂದು ದಿನ ಜಗುಲಿಯಲ್ಲಿ ಕೂತು, ಪೆಟ್ಟಿಗೆಯನ್ನು ಕಿಟಕಿಗೆ ಮುಖಮಾಡಿ ಇಡಿಸಬೇಕೆಂದು ಕೇಳಲು ಕಿಟಕಿಕಟ್ಟೆಯ ಮೇಲೆ ಟವೆಲ್ಲು ಹಾಸಿದೆ. ಶಂಕ್ರಮ್ಮ ನಕ್ಕು, ಸರಳಿನ ಸಂದಿಯಿಂದ ಕೈ ತೂರಿಸಿದಳು. ನಾನು ಬೆರಳು ಹಿಡಿಯುವ ಮೊದಲೇ ನನ್ನ ಇಡೀ ಅಂಗೈ ಹಿಡಿದಳು. ವ್ಯಾಪಾರ ಕುದುರಿತು. ಟವೆಲ್ಲು ಸರಿಸಿ ನೋಡಿದರೆ ಅಂಗೈಯಲ್ಲಿ ಜಂಪರಿನ ಹುಕ್ಕುಗಳ ಪೊಟ್ಟಣ, ಸೂಜಿ, ದಾರ.

ಆದ್ದರಿಂದ ಓದುಗರೇ, ವಿಡಿಯೋ ಗೇಮು ಕೊಳ್ಳುವಿರಾದರೆ ಮೊದಲು ಓಣಿಯ ವೋಲ್ಟೇಜು ನೋಡಿ. ಪರವೂರಿನವರ ಕೈಮೇಲೆ ಟವೆಲ್ಲು ಹಾಕಬೇಡಿ. ಆಡುವವರ ಹಿಂದೆ ನಿಲ್ಲಬೇಡಿ. ಕೋಣೆ ಬಿಟ್ಟುಕೊಡಲೇಬೇಕಾಗಿ ಬಂದರೆ ಕಿಟಕಿಯನ್ನಾದರೂ ಮಾತಾಡಿ ಉಳಿಸಿಕೊಳ್ಳಿ. ಮತ್ತು ಹುಕ್ಕು ಹೊಲಿಯುವಾಗ ಸಮುದ್ರದ ಕಡೆ ನೋಡಬೇಡಿ. ಬೆರಳಿಗೆ ಸೂಜಿ ಚುಚ್ಚುತ್ತದೆ. ಇದನ್ನು ದಿನಾ ಚುಚ್ಚಿಸಿಕೊಂಡೇ ಹೇಳುತ್ತಿದ್ದೇನೆ.