ಗೋಡೆ ದಾಟಿದ ಬಾಳೆಸಿಪ್ಪೆ

ಅಮರೇಶಪ್ಪ: ಆ ಕೈ ನಂದಲ್ರಿ ಮಾಸ್ತರ!

ಮಾಸ್ತರ: ಕೈ ಅಷ್ಟ ಅಲ್ರಿ, ಮಾರಿನೂ ಕಾಣಾಕತ್ತೈತಿ.

(ಹೈದರಾಬಾದಿನ ಕೂಕಟ್‌ಪಲ್ಲಿಯ ಒಂದು ಕನ್ನಡ ಶಾಲೆ. ಕಿಟಕಿಗಳಿಗೆ ಜಮಖಾನ ಕಟ್ಟಿ ಕತ್ತಲೆ ಮಾಡಿದ್ದಾರೆ. ಪೌರನೀತಿ ಕಲಿಸುವ ವೈಜನಾಥ ಮಾಸ್ತರರು ಪ್ರೊಜೆಕ್ಟರ್ ನಿಲ್ಲಿಸಿ ನಿಂತಿದ್ದಾರೆ. ಬೆಂಚಿನ ಮೇಲೆ ಕ್ವಾರ್ಟರ್ಸ್ ಸಂಘದ ಅಧ್ಯಕ್ಷ ಅಮರೇಶಪ್ಪ ಮತ್ತು ಅವರ ಹೆಂಡತಿ ಶಿವದೇವಿ. ನಾಳೆ ಇಡೀ ಶಾಲೆಗೆ ಸ್ವಚ್ಛತೆಯ ಬಗ್ಗೆ ಸರಕಾರದ ಚಿತ್ರ ತೋರಿಸುವುದಿದೆ. ಅದನ್ನು ಇವರ ಕ್ವಾರ್ಟರ್ಸ್‌ನಲ್ಲೇ ತೆಗೆದಿದ್ದರು; ಒಳ್ಳೆಯ ನಾಗರಿಕನ ಪಾತ್ರ ತಮ್ಮದೇ ಎಂದು ಅಮರೇಶಪ್ಪ ಮೊದಲೇ ನೋಡಿಹೋಗಲು ಬಂದಿದ್ದರು. ತೆರೆಯ ಮೇಲೆ ಅವರು ಈಗಷ್ಟೇ ಗೋಡೆಯಾಚೆ ಬಾಳೆಸಿಪ್ಪೆ ಒಗೆದರು.)

ಅಮರೇಶಪ್ಪ: ಶೂಟಿಂಗ್ ದಿನ ಮುಂಜಾನಿಂದ ಸಿಪ್ಪಿ ಡಬ್ಬಿಗೆ ಹಾಕ್ಸಿ ಹಾಕ್ಸಿ ತಗದ್ರಲ್ಲ, ಅದೆಲ್ಲಿ ಹೋತು?

ಮಾಸ್ತರ: ರೀಲು ತಂದವ ಹೇಳಿದ, ನೀವು ಡಬ್ಬಿ ಬಿಟ್ಟು ಕ್ಯಾಮೆರಾ ನೋಡಿದ್ರಂತ. ಒಂದ ಸಲನೂ ಒಳಗ ಬೀಳಲಿಲ್ಲಂತ.

ಅಮರೇಶಪ್ಪ: ಮತ್ತ ಇದು?

ಮಾಸ್ತರ: ಎಲ್ಲಾ ಮುಗದ ಮ್ಯಾಲ ನೀವು ಆರಾಮ ಇನ್ನೊಂದು ಹಣ್ಣು ತಿಂದ್ರಿ. ಕ್ಯಾಮೆರಾದವ ನೀರಿನ ಟಾಕಿ ಮ್ಯಾಲ ಇದ್ದ. ಡೈರೆಕ್ಟರ್ 'ಇದೇ ಕಾವಾಲಿ, ಇದೇ ಬೇಕಿತ್ತು' ಅಂತ ಕುಣದಾಡಿದ್ನಂತ.

ಶಿವದೇವಿ: ಡಬ್ಬಿಗೆ ಹಾಕಾಕ ಬರಲಿಲ್ಲ. ಗೋಡಿ ದಾಟಿಸೋದು ಮಾತ್ರ ಒಂದ ಏಟಿಗೆ. ರೂಢಿ ನೋಡ್ರಿ.

ಅಮರೇಶಪ್ಪ: ನೀ ಸುಮ್ನ ಕುಂದರು. ಮಾಸ್ತರ, ನನ್ನ ಇಜ್ಜತ್ ಹಾಳಾಗಿ ಹೋಗ್ಲಿ. ನನ್ನ ಮಗಳು ಕ್ಲಾಸಿನಾಗೆಲ್ಲ 'ನಮ್ಮಪ್ಪ ಹೀರೋ' ಅಂತ ಹೇಳ್ಕೊಂಡು ಬಂದಾಳ. ನಾಳೆ ಆ ಕೂಸು ಹೆಂಗ ತಲಿ ಎತ್ತಬೇಕು?

ಮಾಸ್ತರ: ಹೀರೋ ನೀವ ಅದೀರಿ. ಇಡೀ ಚಿತ್ರದಾಗ ನಿಮ್ಮಷ್ಟು ಸಹಜ ಯಾರೂ ಮಾಡಿಲ್ಲ.

ಅಮರೇಶಪ್ಪ: ಆ ತುಂಡು ಕತ್ತರಿಸಿಬಿಡ್ರಿ.

ಮಾಸ್ತರ: ಸರಕಾರದ ರೀಲ್ರಿ! ಕತ್ತರಿ ಹಚ್ಚಿದ್ರ ನನ್ನ ನೌಕರಿ ಹೋಗತೈತಿ. ಅಲ್ದ ಪಾಠ ಇರೋದ ಅಲ್ಲಿ. ಮಕ್ಕಳು ತಪ್ಪು ನೋಡಿ ಕಲೀಬೇಕು.

ಅಮರೇಶಪ್ಪ: ಬ್ಯಾರೇ ಯಾರದರ ತಪ್ಪು ತೋರಸ್ರಿ.

ಮಾಸ್ತರ: ಎಲ್ಲಾ ಅಪ್ಪಂದಿರೂ ಹಂಗ ಅಂದ್ರ ನಾ ಪೌರನೀತಿ ಹೆಂಗ ಕಲಿಸ್ಲಿ?

ಅಮರೇಶಪ್ಪ: ಹಂಗಾರ ಅದು ನಟನಾ ಅಂತ ಹೇಳ್ರಿ.

ಶಿವದೇವಿ: ಹರಕ ಬನಿಯನ್ ಮ್ಯಾಲ ಯಾವ ಹೀರೋ ನಟನಾ ಮಾಡ್ತಾನ್ರಿ?

(ಮಾಸ್ತರರಿಗೆ ಈಗ ಸಿಟ್ಟು ಬಂತು.)

ಮಾಸ್ತರ: ಆ ಗೋಡಿ ಆಚೆ ಯಾರ ಹಿತ್ತಲ ಗೊತ್ತೈತೇನ್ರಿ? ನಂದು! ದಿನಾ ಸಿಪ್ಪಿ ಬೀಳೋದು ಮಂಗ್ಯಾನ ಕಾಟ ಅಂತ ದೀಪಾವಳಿ ಹೋದ ಮ್ಯಾಲೂ ಪಟಾಕಿ ಹಾರಿಸೀನಿ!

ಅಮರೇಶಪ್ಪ: 'ಮಂಗ್ಯಾ ಭಾಳ ಆಗ್ಯಾವ್ರಿ' ಅಂತ ನಾನೂ ಮರಗಿದ್ನಲ್ರಿ.

(ಶಿವದೇವಿ ತೆರೆಯತ್ತ ಕೈ ತೋರಿಸಿದರು.)

ಶಿವದೇವಿ: ಮಾಸ್ತರ, ಇದರ ಮುಂದಿಂದು ನೋಡೀರೇನು?

ಮಾಸ್ತರ: ಇಲ್ರಿ ಅಕ್ಕಾರ. ಇವರು ಕಂಡ ಕೂಡ್ಲೆ ನಿಲ್ಲಿಸೀನಿ.

ಶಿವದೇವಿ: ರೀಲು ಮುಂದ ಬಿಡ್ರಿ ಹಂಗಾರ. ಸಿಪ್ಪಿ ಎಲ್ಲಿ ಬಿತ್ತು ನೋಡೂಣು.

(ರೀಲು ಓಡಿತು. ಸಿಪ್ಪೆ ಪಕ್ಕದ ಹಿತ್ತಲಲ್ಲಿ ಬಿತ್ತು. ಲುಂಗಿ ಉಟ್ಟವರೊಬ್ಬರು ಹೊರಗೆ ಬಂದು ಅತ್ತ ನೋಡಿದರು, ಇತ್ತ ನೋಡಿದರು. ಕಸಬರಿಗೆಯಿಂದ ಸಿಪ್ಪೆ ಎತ್ತಿ ತಮ್ಮ ಹಿಂದಿನ ಗೋಡೆ ದಾಟಿಸಿ, ಕೈ ಕೊಡವಿಕೊಂಡು ಒಳಗೆ ಹೋದರು. ಅವರು ವೈಜನಾಥ ಮಾಸ್ತರರು. ಹಿಂದಿನ ಗೋಡೆ ಈ ಶಾಲೆಯದು.)

ಶಿವದೇವಿ: ಓಹೋ! ನನ್ನ ಮಗಳು ದಿನಾ ಶಾಲಿ ಅಂಗಳದಾಗ ಬಾಳಿಸಿಪ್ಪಿ ಆರಸ್ತೀನಿ ಅಂತಿದ್ಲು. ಮಾಸ್ತರು ಶ್ರಮದಾನ ಮಾಡಸ್ತಾರ ಅಂತ.

(ಪ್ರೊಜೆಕ್ಟರ್ ತಾನಾಗಿ ನಿಲ್ಲಲಿಲ್ಲ. ಮಾಸ್ತರರು ನಿಲ್ಲಿಸಿದರು.)

ಮಾಸ್ತರ: ಅಕ್ಕಾರ, ನಿಮ್ಮ ಚೀಲದಾಗ ಕತ್ತರಿ ಐತೇನ್ರಿ?

ಅಮರೇಶಪ್ಪ: ಸರಕಾರದ ರೀಲ್ರಿ ಮಾಸ್ತರ!

ಮಾಸ್ತರ: ರೀಲು ಒಮ್ಮೊಮ್ಮೆ ತಾನ ಹರೀತೈತ್ರಿ. ನಿಮ್ಮ ತುಂಡೂ ಅದರ ಜೋಡಿ ಹೋಗತೈತಿ.

ಅಮರೇಶಪ್ಪ: ಬಿಲ್ಕುಲ್ ಖರೆ. ರೀಲಂದ ಮ್ಯಾಲ ಹರಿಯೋದ.

(ಶಿವದೇವಿ ಚೀಲದಿಂದ ಕತ್ತರಿ ತೆಗೆದು ಕೊಟ್ಟರು.)

ಶಿವದೇವಿ: ಕತ್ತರಿಸಿದ್ದನ್ನ ಡಬ್ಬಿಗೆ ಹಾಕ್ರಿ ಇಬ್ರೂ. ಗೋಡಿ ದಾಟಿಸಿದ್ರ ನಾಳೆ ಅದನ್ನೂ ನನ್ನ ಮಗಳ ಆರಸಬೇಕು.