ನಿಜ ಹೇಳುವ ಟೇಪು

ಪ್ಯಾಂಟು ತೊಡೆಯವರೆಗೆ ಬಂದು ನಿಂತಿತು. ಮೇಲೇರುವ ಲಕ್ಷಣವೇ ಕಾಣಲಿಲ್ಲ.

"ಬಟ್ಟೆ ಕುಗ್ಗಿದೆ," ಎಂದರು ಕಟ್ಟಡದ ಮಾಲೀಕರು, ಕನ್ನಡಿಯಲ್ಲಿ ತಮ್ಮ ಮೀಸೆಯನ್ನೇ ಮೆಚ್ಚಿಕೊಳ್ಳುತ್ತ.

ದರ್ಜಿ ಟೇಪು ಕೈಗೆತ್ತಿಕೊಂಡ. "ಸೊಂಟ ಮೂವತ್ನಾಲ್ಕು, ಅಳೆಯೋದೇನೂ ಬೇಡ" ಎಂದು ಅವರು ಹೇಳಿದ್ದನ್ನೇ ನಂಬಿ ಹೊಲಿದಿದ್ದ. ಈಗ ಟೇಪು ಸುತ್ತಿ ನೋಡಿದರೆ ಸರಿಯಾಗಿ ನಲವತ್ತು.

"ನಲವತ್ತಾ? ಕಾಲೇಜಿಂದ ಇವತ್ತಿನವರೆಗೆ ನನ್ನ ಸೊಂಟ ಒಂದು ನೂಲೂ ಹೆಚ್ಚಿಲ್ಲ. ನಿನ್ನ ಟೇಪೇ ಕುಗ್ಗಿರಬೇಕು. ಸಂಜೆ ಬರ್ತೀನಿ, ಸರಿಯಾದ ಟೇಪು ತಂದಿಡು. ಇಲ್ಲ ಅಂದ್ರೆ ಅಂಗಡಿ ಕರಾರು ಮುಂದುವರಿಸೋ ಮಾತು ಮರೆತುಬಿಡು."

ಕರಾರು ಅಂದೇ ಮುಗಿಯುತ್ತಿತ್ತು. ಅಂಗಡಿ ಹೋದರೆ ದರ್ಜಿ ಹೆಂಡತಿ, ಮಕ್ಕಳು, ಹೊಲಿಗೆ ಯಂತ್ರ ಸಮೇತ ಬೀದಿಗೆ ಬೀಳುತ್ತಿದ್ದ.

ಪಕ್ಕದ ಕ್ಷೌರದಂಗಡಿಯವನು ಬಾಗಿಲಿಗೆ ಕಿವಿಗೊಟ್ಟು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಕರೆಯದಿದ್ದರೂ ಬಂದು ಸ್ಟೂಲಿನ ಮೇಲೆ ಕೂತ.

"ಅಣ್ಣಾ, ಅವರ ಹತ್ರ ವಾದ ಮಾಡಬಾರದು. ತಲೇಲಿ ಒಂದು ಕೂದಲಿಲ್ಲ, ಆದ್ರೂ ತಿಂಗಳು ತಿಂಗಳು 'ತುಂಬಾ ಬೆಳೆದಿದೆ' ಅಂತ ಬಂದು ಕೂರ್ತಾರೆ. ನಾನು ಗಾಳಿಗೇ ಕತ್ತರಿ ಆಡಿಸಿ, 'ಎಂಥಾ ದಟ್ಟ ಕೂದಲು ಸಾರ್' ಅಂತೀನಿ. ಖುಷಿಯಾಗಿ ಹೋಗ್ತಾರೆ. ಅವರಿಗೆ ಬೇಕಾದಂಥ ಟೇಪನ್ನ ನೀನೇ ಮಾಡ್ಬಿಡು."

ಬೇರೆ ದಾರಿ ಇರಲಿಲ್ಲ. ದರ್ಜಿ ಬಿಳಿ ಪಟ್ಟಿಯ ಮೇಲೆ ಇಂಚುಗಳನ್ನು ಕೊಂಚ ಧಾರಾಳವಾಗಿ ಬರೆದು, ನಲವತ್ತು ಬರಬೇಕಾದಲ್ಲಿ ಮೂವತ್ನಾಲ್ಕು ಬರುವಂತೆ ಹೊಸ ಟೇಪು ತಯಾರಿಸಿದ. ಪ್ಯಾಂಟನ್ನು ಬಿಚ್ಚಿ, ತುಂಡು ಸೇರಿಸಿ, ದೊಡ್ಡದು ಮಾಡಿದ. ಊಟ ಡಬ್ಬಿಯಲ್ಲೇ ಉಳಿಯಿತು.

ಸಂಜೆ ಮಾಲೀಕರು ಬಂದರು, ಹಿಂದೆಯೇ ಕ್ಷೌರದವನೂ ಬಂದ. ಟೇಪು ಮೂವತ್ನಾಲ್ಕು ತೋರಿಸಿತು. ಪ್ಯಾಂಟು ಸಲೀಸಾಗಿ ಏರಿತು.

"ನಾನು ಹೇಳ್ಲಿಲ್ವಾ? ನಿಜ ಹೇಳೋ ಟೇಪು ಅಂದ್ರೆ ಇದು ಕಣಯ್ಯಾ! ತಾ, ಕರಾರು ತಾ."

ದರ್ಜಿಗೆ ಹೋದ ಜೀವ ಬಂದಂತಾಯಿತು. ಮಾಲೀಕರು ಪೆನ್ನು ತೆಗೆದರು. ಅಂಗಡಿಯ ಅಗಲ ಬರೆಯುವ ಜಾಗಕ್ಕೆ ಬಂದು ತಡೆದರು.

"ಹತ್ತಡಿ ಸಾರ್," ಎಂದ ದರ್ಜಿ, ಅವಸರದಲ್ಲಿ.

"ಇಂಥ ಟೇಪು ಇರುವಾಗ ಬಾಯಿಮಾತು ಯಾಕೆ? ಹಿಡಿ ಆ ತುದಿ."

ಅಳೆದರು. ಮತ್ತೊಮ್ಮೆ ಅಳೆದರು. ಮಾಲೀಕರ ಮುಖ ಕೆಂಪಾಯಿತು. "ಎಂಟೂವರೆ! ಹತ್ತಡಿ ಅಂಗಡಿ ಕೊಟ್ಟಿದ್ದೆ. ನನ್ನ ಒಂದೂವರೆ ಅಡಿ ಎಲ್ಲಿ ಹೋಯ್ತು?"

ಟೇಪು ಸುಳ್ಳು ಎಂದರೆ ಸೊಂಟ ಮತ್ತೆ ನಲವತ್ತಾಗುತ್ತದೆ, ಅಂಗಡಿ ಹೋಗುತ್ತದೆ. ಟೇಪು ನಿಜ ಎಂದರೆ ತಾನು ಕಳ್ಳ. ದರ್ಜಿ ಕ್ಷೌರದವನಿಗಾಗಿ ಸುತ್ತ ನೋಡಿದ. ಆಸಾಮಿ ಆಗಲೇ ತನ್ನ ಅಂಗಡಿಗೆ ಜಾರಿದ್ದ.

"ನಾನೇ ಸಾರ್," ಎಂದ ಕೊನೆಗೆ, ತಲೆ ತಗ್ಗಿಸಿ. "ಕಸ ಗುಡಿಸುವಾಗ ಗೋಡೇನ ಸ್ವಲ್ಪ ಒಳಗೆ ತಳ್ಳಿಬಿಟ್ಟೆ."

ಮಾಲೀಕರು ಅವನ ಬೆನ್ನು ತಟ್ಟಿದರು. "ತಪ್ಪು ಒಪ್ಕೊಂಡ್ಯಲ್ಲ, ಅದು ನನಗಿಷ್ಟ. ಬೆಳಿಗ್ಗೆ ಬರ್ತೀನಿ. ಅಷ್ಟರಲ್ಲಿ ಗೋಡೇನ ಇದ್ದಲ್ಲಿಗೇ ಇಟ್ಟಿರು, ಸಹಿ ಹಾಕ್ತೀನಿ."

ಕರಾರನ್ನು ಹೊಸ ಪ್ಯಾಂಟಿನ ಜೇಬಿಗೆ ಸೇರಿಸಿ ಅವರು ಹೊರಟುಹೋದರು. ದರ್ಜಿ ಗೋಡೆಯನ್ನೇ ನೋಡುತ್ತ ನಿಂತ. ಅದರಾಚೆಯಿಂದ ಕ್ಷೌರದವನ ದನಿ ಕೇಳಿಸಿತು:

"ಅಣ್ಣಾ, ನನ್ನ ಕಡೆಗೆ ಮಾತ್ರ ತಳ್ಳಬೇಡ."