ಮೇಜಿನ ಕೆಳಗಿನ ಗ್ರಾಹಕ

ಬೆಳಿಗ್ಗೆ ಹಲ್ಲುಜ್ಜುವಾಗಲೇ, ಬಾಯಿ ತುಂಬಾ ನೊರೆ ಇಟ್ಟುಕೊಂಡೇ, ನಾನು ಘೋಷಿಸಿಬಿಟ್ಟೆ. “ಇವಳೇ, ಇವತ್ತು ಈ ಮನೆಯಲ್ಲಿ ಕೇಬಲ್ ಎಳೆಯೋನು ನಾನು! ಹೊರಗಿನವರ ಕೈ ಇದಕ್ಕೆ ತಾಗಕೂಡದು!”

“ಮೊದಲು ಬಾಯಿ ಮುಕ್ಕಳಿಸಿ ರೀ. ಕನ್ನಡಿ ತುಂಬಾ ಘೋಷಣೆ ಸಿಡೀತಾ ಇದೆ” ಅಂದಳು ನನ್ನ ಹೆಂಡತಿ.

ವಿಷಯ ಏನಪ್ಪಾ ಅಂದರೆ, ಅವತ್ತು ಹನ್ನೊಂದು ಗಂಟೆಗೆ ಅವಳಿಗೆ ಇಂಟರ್‌ವ್ಯೂ. ಮಿಕ್ಸಿ, ವಾಷಿಂಗ್ ಮಷೀನು ಮಾಡುವ ಒಂದು ಕಂಪನಿಯ ಸಹಾಯವಾಣಿಯಲ್ಲಿ ಕೆಲಸ. ಮಷೀನು ಕೆಟ್ಟು ತಲೆಯೂ ಕೆಟ್ಟವರು ಫೋನ್ ಮಾಡುತ್ತಾರೆ, ಅವರನ್ನು ಸಮಾಧಾನ ಮಾಡಿ ಮಷೀನು ಓಡುವ ಹಾಗೆ ಮಾಡಬೇಕು. ಮನೆಯಲ್ಲೇ ಕೂತು ಮಾಡುವ ಕೆಲಸವಾದ್ದರಿಂದ ಅವರದು ಒಂದು ಕಟ್ಟುನಿಟ್ಟಿನ ಷರತ್ತು. ಲ್ಯಾಪ್‌ಟಾಪಿಗೆ ರೂಟರಿನಿಂದ ನೇರವಾಗಿ ಕೇಬಲ್ ಇರಬೇಕು, ವೈಫೈ ನಡೆಯೋದಿಲ್ಲ! ಇಂಟರ್‌ವ್ಯೂ ದಿನವೇ ಅದನ್ನು ತೋರಿಸಬೇಕು.

ನಮ್ಮ ರೂಟರ್ ಇರುವುದು ಹಾಲಿನಲ್ಲಿ, ಚಪ್ಪಲಿ ಸ್ಟ್ಯಾಂಡಿನ ಮೇಲೆ. ಅವಳ ಮೇಜು ಇರುವುದು ಹಿಂದಿನ ಕೋಣೆಯಲ್ಲಿ. ಅಲ್ಲಿಗೆ ವೈಫೈ ಬರುವುದು ದೂರದ ನೆಂಟರು ಬಂದ ಹಾಗೆ, ಮನಸ್ಸು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ.

ನನಗೆ ಈ ಕೆಲಸ ಅವಳಿಗೆ ಸಿಗಲೇಬೇಕಿತ್ತು. ನಮ್ಮಮ್ಮ ಹಾಸಿಗೆ ಹಿಡಿದಾಗ ಇದ್ದ ಒಳ್ಳೆ ಕೆಲಸ ಬಿಟ್ಟು ಮನೆಯಲ್ಲಿ ಕೂತವಳು ಇವಳು. ಅಮ್ಮ ನನ್ನ ತಾಯಿ, ನೋಡಿಕೊಂಡವಳು ಇವಳು. ಅಮ್ಮ ತೀರಿಕೊಂಡ ಮೇಲೆ ಎಷ್ಟು ಕಡೆ ಅರ್ಜಿ ಹಾಕಿದರೂ “ಮಧ್ಯೆ ಇಷ್ಟು ವರ್ಷ ಏನು ಮಾಡ್ತಿದ್ರಿ?” ಅನ್ನುವವರೇ. ಕೊನೆಗೂ ಒಬ್ಬರು ಕರೆದಿದ್ದಾರೆ. ಒಂದು ಕೇಬಲ್ಲಿನ ದೆಸೆಯಿಂದ ಇದೂ ಹೋದರೆ ನಾನು ಅವಳಿಗೆ ಯಾವ ಮುಖ ತೋರಿಸಲಿ?

“ಕೇಬಲ್ಲಿನವರನ್ನ ಕರೆಸಿಬಿಡೋಣ ರೀ” ಅಂದಳು.

“ಯಾಕೆ? ಆಫೀಸಲ್ಲಿ ಪ್ರಿಂಟರ್ ಕೆಟ್ಟರೆ ಎಲ್ಲರೂ ಯಾರ ಹತ್ರ ಓಡಿ ಬರ್ತಾರೆ?”

“ನಿಮ್ಮ ಹತ್ರ. ಪ್ರಿಂಟರ್ ಇರೋದೇ ನಿಮ್ಮ ಮೇಜಿನ ಪಕ್ಕ ಅಲ್ವಾ?”

ಅಷ್ಟು ಬೆಳಿಗ್ಗೆ ಅಷ್ಟು ಸತ್ಯ ಹೇಳಬಾರದು!

ನನ್ನ ಯೋಜನೆ ಮಾತ್ರ ಅಮೋಘವಾಗಿತ್ತು. ಹಾಲಿನಿಂದ ಹಿಂದಿನ ಕೋಣೆಗೆ ಗೋಡೆಯೊಳಗೆ ಒಂದು ಪೈಪು ಹೋಗಿದೆ. ಅದರಲ್ಲಿ ಹಿಂದಿನ ಬಾಡಿಗೆಯವರು ಬಿಟ್ಟುಹೋದ ನೀಲಿ ಕೇಬಲ್ ಒಂದು ಮಲಗಿತ್ತು. ಹಳೆಯದು, ಕೆಲಸಕ್ಕೆ ಬಾರದ್ದು. ಅದರ ಬಾಲಕ್ಕೆ ನನ್ನ ಹೊಸ ಕೇಬಲ್ಲಿನ ತಲೆ ಕಟ್ಟಿ ಆ ಕಡೆಯಿಂದ ಎಳೆದರೆ ಹಳೇದು ಹೊರಗೆ, ಹೊಸದು ಒಳಗೆ! ಹೊಸ ಕೇಬಲ್ಲೂ ನೀಲಿಯೇ ಇರಲಿ ಅಂತ ಹುಡುಕಿ ತಂದಿದ್ದೆ. ಒಂದು ಶಿಸ್ತು ಬೇಡವೇ?

ನಾನು ಹೊಸ ಕೇಬಲ್ಲಿನ ಒಂದು ತುದಿ ರೂಟರಿಗೆ ಚುಚ್ಚಿ, ಇನ್ನೊಂದು ತುದಿಯನ್ನು ಹಳೇ ಬಾಲಕ್ಕೆ ಟೇಪು ಸುತ್ತಿ ಕಟ್ಟುತ್ತಿದ್ದರೆ, ನಮ್ಮತ್ತೆ ಕೈಯಲ್ಲಿ ಟ್ಯಾಬ್ಲೆಟ್ ಹಿಡಿದು ಧಾರಾವಾಹಿ ನೋಡುತ್ತಲೇ ಬಂದು ನಿಂತರು. ಮಗಳ ಇಂಟರ್‌ವ್ಯೂಗೆ ಧೈರ್ಯ ಹೇಳುವುದಕ್ಕೆಂದು ಹಿಂದಿನ ದಿನವೇ ಬಂದಿದ್ದರು.

“ಅಳಿಯಂದ್ರೇ, ಗಂಟು ಗಟ್ಟಿ ಇದೆಯಾ? ಪೈಜಾಮಕ್ಕೆ ಲಾಡಿ ಪೋಣಿಸುವಾಗ ಮಧ್ಯದಲ್ಲಿ ಪಿನ್ನು ಕಳಚಿಕೊಂಡ್ರೆ ಆಯ್ತು ಕಥೆ. ಪಿನ್ನು ಆ ಕಡೆ, ಲಾಡಿ ಈ ಕಡೆ.”

“ಅತ್ತೆ, ಇದು ತಂತ್ರಜ್ಞಾನ. ಪೈಜಾಮ ಅಲ್ಲ!” ಅಂತ ನಕ್ಕೆ.

ಹಿಂದಿನ ಕೋಣೆಗೆ ಹೋಗಿ ಎಳೆದೆ. ಬಂತು! ಎಳೆದಷ್ಟೂ ಬಂತು! ಇಷ್ಟು ಸಲೀಸಾಗಿ ನನ್ನ ಮಾತು ಕೇಳಿದ ವಸ್ತು ಈ ಮನೆಯಲ್ಲಿ ಇನ್ನೊಂದಿಲ್ಲ. ಕೈಗೆ ಸಿಕ್ಕ ತುದಿಯನ್ನು ಲ್ಯಾಪ್‌ಟಾಪಿಗೆ ಚುಚ್ಚಿ, ಉಳಿದ ರಾಶಿಯನ್ನು ಮಂಚದ ಕೆಳಗೆ ತಳ್ಳಿ, ಎದೆ ಉಬ್ಬಿಸಿ ನಿಂತೆ.

ಚುಚ್ಚಿದ ಕಡೆ ದೀಪ ಹತ್ತಲಿಲ್ಲ.

ಒರೆಸಿದೆ. ಊದಿದೆ. ಬಾಯಲ್ಲಿ ಟಾರ್ಚು ಕಚ್ಚಿಕೊಂಡು ಮೇಜಿನ ಕೆಳಗೆ ತೂರಿ, ಕೇಬಲ್ ತಿರುಚಿ, ಬುದ್ಧಿ ಹೇಳಿ, ಕೊನೆಗೆ ಬೈದೆ. ಊಹೂಂ! ಹಾಲಿಗೆ ಓಡಿ ನೋಡಿದರೆ, ಚಪ್ಪಲಿ ಸ್ಟ್ಯಾಂಡಿನ ಪಕ್ಕ, ಪೈಪಿನ ಬಾಯಲ್ಲಿ, ನೀಲಿ ತುದಿಯೊಂದು ನೇತಾಡುತ್ತಿದೆ! “ಆಹಾ, ಕಳ್ಳ ಸಿಕ್ಕಿದ! ರೂಟರಿಂದ ಕಳಚಿಕೊಂಡಿದೆ ನೋಡು!” ಅಂತ ಅದನ್ನು ಹಿಡಿದು ರೂಟರಿನ ಖಾಲಿ ತೂತಿಗೆ ಟಕ್ಕಂತ ಚುಚ್ಚಿದೆ.

ರೂಟರಿನ ದೀಪಗಳೆಲ್ಲ ಒಟ್ಟಿಗೆ ಕುಣಿಯತೊಡಗಿದವು. ನಾನೂ ಕುಣಿದೆ.

“ಅಳಿಯಂದ್ರೇ!” ಅತ್ತೆ ಕೂಗಿದರು. “ಧಾರಾವಾಹಿ ನಿಂತೇಹೋಯ್ತು! ಸೊಸೆ ಬಾಗಿಲು ತೆಗೀತಿದ್ಲು, ಅರ್ಧ ಬಾಗಿಲಲ್ಲೇ ಬಾಯಿ ತೆರ್ಕೊಂಡು ನಿಂತಿದ್ದಾಳೆ!”

ವೈಫೈ ಕೂಡ ಸತ್ತಿತ್ತು. ಇದ್ದದ್ದೂ ಹೋಯ್ತು! ಗಡಿಯಾರ ನೋಡಿದರೆ ಹನ್ನೊಂದು ಇನ್ನೇನು ಬಂದೇಬಿಟ್ಟಿದೆ. ರೂಟರ್ ಆರಿಸಿ ಹಚ್ಚಿದೆ. ಅದು ಮತ್ತೆ ಕುಣಿಯಿತು. ಕೋಣೆಗೆ ಓಡಿದೆ. ಹೆಂಡತಿ ಚೆಂದಾಗಿ ತಲೆ ಬಾಚಿಕೊಂಡು ಲ್ಯಾಪ್‌ಟಾಪಿನ ಮುಂದೆ ನೆಟ್ಟಗೆ ಕೂತಿದ್ದಳು. ನಾನು ಅವಳ ಕಡೆ ಸರಿಯಾಗಿ ನೋಡುವ ಧೈರ್ಯವಿಲ್ಲದೆ ಮತ್ತೆ ಮೇಜಿನ ಕೆಳಗೆ ತೂರಿದೆ.

ಅವಳು ಕಾಲಿನ ಹೆಬ್ಬೆರಳಿನಿಂದ ನನ್ನ ಭುಜ ತಿವಿದಳು. ಪಾಪ, ಧೈರ್ಯ ಹೇಳುತ್ತಿದ್ದಾಳೆ ಅಂದುಕೊಂಡೆ. ಇನ್ನೊಮ್ಮೆ ತಿವಿದಳು. ನನಗೆ ಹುಮ್ಮಸ್ಸು ಬಂತು.

“ನೀನೇನೂ ಹೆದರಬೇಡ!” ಅಂದೆ ಗಟ್ಟಿಯಾಗಿ. “ತಪ್ಪು ನನ್ನದಲ್ಲ, ಆ ಕಂಪನಿಯವರದು! ಕೇಬಲ್ ಕಡ್ಡಾಯ ಅಂತೆ! ಹೇಳೋದಕ್ಕೇನು, ತಂಪಾಗಿ ಕುರ್ಚೀಲಿ ಕೂತು ಹೇಳ್ತಾರೆ! ಬರಲಿ, ಒಂದು ಹತ್ತು ನಿಮಿಷ ಈ ಮೇಜಿನ ಕೆಳಗೆ ಕೂತ್ಕೊಳ್ಳಲಿ! ಆಗ ಗೊತ್ತಾಗುತ್ತೆ ಕೇಬಲ್ ಅಂದ್ರೆ ಏನೂಂತ!”

ಮೇಲಿನಿಂದ ಅಪರಿಚಿತ ದನಿಯೊಂದು ಕೇಳಿಸಿತು. “ನಮಸ್ಕಾರ. ಮೇಜಿನ ಕೆಳಗೆ ಯಾರಿದ್ದಾರೆ?”

ನನ್ನ ತಲೆ ಮೇಜಿನ ಹಲಗೆಗೆ ಢಂ ಅಂತ ಬಡಿಯಿತು.

ಅವಳು ತನ್ನ ಫೋನಿನ ನೆಟ್ಟಿಗೆ ಲ್ಯಾಪ್‌ಟಾಪ್ ಜೋಡಿಸಿಕೊಂಡು ಇಂಟರ್‌ವ್ಯೂ ಶುರು ಮಾಡಿ ಆಗಿತ್ತು! ಪರದೆಯ ಮೇಲೆ ದಪ್ಪ ಕನ್ನಡಕದ ಮೇಡಂ ಒಬ್ಬರು, ಅವರ ಅಕ್ಕಪಕ್ಕ ಇಬ್ಬರು. ಮೂವರೂ ನನ್ನ ಭಾಷಣ ಆಲಿಸಿದ್ದರು.

ಈಗ ಹೇಳುತ್ತಾಳೆ, ರಿಪೇರಿಯವನು ಅಂತ. ಹೇಳಲಿ. ನಾನಾಗಿದ್ದರೂ ಹಾಗೇ ಹೇಳುತ್ತಿದ್ದೆ.

“ನನ್ನ ಯಜಮಾನ್ರು ಮೇಡಂ” ಅಂದಳು ಅವಳು, ಒಂದಿಷ್ಟೂ ಅಳುಕಿಲ್ಲದೆ. “ನನಗಿಂತ ಅವರಿಗೇ ಈ ಕೆಲಸದ ಚಿಂತೆ ಜಾಸ್ತಿ. ಬೆಳಗಿನಿಂದ ತಿಂಡಿ ಕೂಡ ತಿಂದಿಲ್ಲ. ನನಗೋಸ್ಕರ ನೆಲದ ಮೇಲೆ ತೆವಳ್ತಾ ಇದ್ದಾರೆ.”

ಮೇಜಿನ ಕೆಳಗೆ ನನ್ನ ಕಣ್ಣು ತುಂಬಿ ಬಂತು. ಧೂಳಿನಿಂದ ಅಂತ ಸುಳ್ಳು ಹೇಳುವುದಿಲ್ಲ.

“ಆದರೆ ಕೇಬಲ್?” ಮೇಡಂ ಕೇಳಿದರು. “ಅದಿಲ್ಲದೆ ಈ ಕೆಲಸ ಕಷ್ಟ.” ಹೇಳುತ್ತಿದ್ದಂತೆಯೇ ಅವರ ಮುಖ ಚೂರುಚೂರಾಗಿ ನಿಂತು, ಮತ್ತೆ ಕೂಡಿಕೊಂಡಿತು. ಫೋನಿನ ನೆಟ್ಟು ಇನ್ನೇನು ಕೈಕೊಡುವುದರಲ್ಲಿತ್ತು.

“ಸ್ವಲ್ಪ ಸಮಯ ಕೊಡಿ ಮೇಡಂ. ಸರಿ ಮಾಡಿಸ್ತೀನಿ.”

“ಮಾಡಿಸಿ. ನಾವು ನೋಡ್ತಿರ್ತೀವಿ.”

ಹೆಂಡತಿ ಬಗ್ಗಿ ನನ್ನ ಕಡೆ ನೋಡಿದಳು. “ರೀ, ಈಚೆ ಬನ್ನಿ. ಏನೂ ಕೆಟ್ಟಿಲ್ಲ. ಲ್ಯಾಪ್‌ಟಾಪಿಗೆ ಚುಚ್ಚಿರೋ ಕೇಬಲ್ ಕೈಲಿ ಹಿಡ್ಕೊಳ್ಳಿ. ಹಿಡಿದ್ರಾ? ಈಗ ಕೈ ಬಿಡದೆ, ಅದು ಎಲ್ಲಿಗೆ ಹೋಗುತ್ತೋ ನೀವೂ ಅಲ್ಲಿಗೇ ಹೋಗಿ.”

“ಅದು ಪೈಪಿಗೇ ಹೋಗೋದು, ನನಗೆ ಗೊತ್ತಿಲ್ವಾ? ನಾನೇ ಎಳೆದಿದ್ದು!”

“ಗೊತ್ತು ರೀ. ನೀವೇ ಎಳೆದಿದ್ದು. ನನಗೋಸ್ಕರ ಇನ್ನೊಂದ್ಸಲ ನೋಡಿಬಿಡಿ.”

ಅಮ್ಮನಿಗೆ ಕಹಿ ಮಾತ್ರೆ ನುಂಗಿಸುವಾಗ ಇದೇ ದನಿ ಇರುತ್ತಿತ್ತು. ಎಂಥಾ ಹಟಮಾರಿ ನಮ್ಮಮ್ಮ, ಆ ದನಿಗೆ ಬಾಯಿ ತೆರೆಯುತ್ತಿದ್ದಳು. ಅವಳ ಮಗ ನಾನು, ತೆವಳಿದೆ. ಕೇಬಲ್ ಮೇಜಿನ ಕಾಲು ಬಳಸಿ, ಮಂಚದ ಕೆಳಗೆ ನುಗ್ಗಿ, ಸೂಟ್‌ಕೇಸು ಸುತ್ತಿಕೊಂಡು, ಕೊನೆಗೆ ನನ್ನ ಕೈಗೆ ಒಂದು ತುದಿಯನ್ನು ಕೊಟ್ಟು ಮುಗಿದೇಹೋಯಿತು. ತುದಿಗೆ ಜೇಡರಬಲೆ, ಜೊತೆಗೆ ನಾನೇ ಸುತ್ತಿದ ಟೇಪಿನ ತುಂಡು.

“ಇವಳೇ... ಇದು ಹಳೇ ಕೇಬಲ್ಲು. ಎರಡು ತುದಿನೂ ಇಲ್ಲೇ ಇದೆ.”

“ಒಳ್ಳೇದಾಯ್ತು, ಒಂದು ವಿಷಯ ಗೊತ್ತಾಯ್ತಲ್ಲ. ಈಗ ಹಾಲಿಗೆ ಹೋಗಿ, ರೂಟರಿಂದ ಹೊಸಾ ಕೇಬಲ್ ಹಿಡಿದು ಹೊರಡಿ.”

ಹೊರಟೆ. ರೂಟರಿನಿಂದ ಇಳಿದು, ನನ್ನ ಬೂಟಿನ ಮೇಲೆ ಹಾದು, ಅತ್ತೆಯ ಚಪ್ಪಲಿ ದಾಟಿ, ಸ್ಟ್ಯಾಂಡಿನ ಹಿಂದೆ ಸುರುಳಿ ಸುತ್ತಿ, ಮತ್ತೆ ಮೇಲೆ ಹತ್ತಿ ನೋಡಿದರೆ, ರೂಟರ್! ತವರಿಂದ ಹೊರಟ ಕೇಬಲ್ ಗಂಡನ ಮನೆ ಕಾಣದೆ ತವರಿಗೇ ವಾಪಸ್ ಬಂದಿತ್ತು! ಟೇಪು ಪೈಪಿನ ಬಾಯಲ್ಲೇ ಕಳಚಿಕೊಂಡಿದೆ. ಹಳೇದು ಮಾತ್ರ ಆ ಕಡೆ ಹೋಗಿದೆ. ಹೊಸದರ ಎರಡು ತುದಿಯನ್ನೂ ಒಂದೇ ರೂಟರಿಗೆ ಚುಚ್ಚಿದ ಮಹಾಪುರುಷ ನಾನು! “ಇವಳೇ, ಇದರ ಎರಡು ತುದಿನೂ ರೂಟರಲ್ಲೇ ಇದೆ!” ಅಂತ ಕೂಗಿದೆ.

ಅತ್ತೆ ಗಾಳಿಯಲ್ಲೇ ಒಂದು ಲಾಡಿ ಕಟ್ಟಿ ತೋರಿಸಿದರು.

“ಹೋಗಲಿ ಬಿಡಿ” ಒಳಗಿನಿಂದ ಹೆಂಡತಿಯ ದನಿ. “ರೂಟರ್ ತಾನು ಆಡಿದ್ದನ್ನ ತಾನೇ ಕೇಳಿಸ್ಕೊಂಡು, ಅದನ್ನೇ ಮತ್ತೆ ಮತ್ತೆ ಆಡ್ತಾ ಇದೆ. ಹಾಗಾದ್ರೆ ಮನೇಲಿ ಬೇರೆ ಯಾರ ಕೆಲಸಾನೂ ನಡೆಯಲ್ಲ. ಒಂದು ತುದಿ ಕಿತ್ತು ತನ್ನಿ. ಪೈಪು ಬೇಡ, ಬಾಗಿಲಿಂದಲೇ ಬನ್ನಿ.”

ಅವಳು ಹೇಳಿದ್ದು ರೂಟರಿನ ಬಗ್ಗೆ ಅಂತ ನಾನು ಆಗ ನಂಬಿದ್ದೆ.

ಒಂದು ತುದಿ ಕಿತ್ತೆ. ಹಾಲಿನಲ್ಲಿ ನೆಟ್ಟಗೆ ನಡೆದು, ಬಾಗಿಲು ದಾಟಿ, ತಂದು ಅವಳ ಕೈಗೆ ಕೊಟ್ಟೆ. ಅವಳು ಚುಚ್ಚಿದಳು. ಪುಟ್ಟ ಹಸಿರು ದೀಪ ಹತ್ತಿತು! ಮೇಡಂ ಮುಖ ನುಣ್ಣಗೆ, ಸ್ಪಷ್ಟವಾಗಿ ಬಂತು. ಹಾಲಿನಿಂದ ಅತ್ತೆ ಕೂಗಿದರು, “ಸೊಸೆ ಒಳಗೆ ಬಂದ್ಲು!”

ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಕ್ಕೂ ನಕ್ಕೂ ನೀರು ಬಂದಿತ್ತು. “ನೋಡಿಮ್ಮಾ, ಕೊನೆಗೊಂದು ಪ್ರಶ್ನೆ ಇಟ್ಕೊಂಡಿದ್ದೆ. ತಮಗೆಲ್ಲಾ ಗೊತ್ತು ಅನ್ನೋ ಗ್ರಾಹಕರನ್ನ ಹೇಗೆ ನಿಭಾಯಿಸ್ತೀರಿ ಅಂತ. ಇನ್ನು ಅದನ್ನ ಕೇಳೋ ಅಗತ್ಯ ಇಲ್ಲ. ಇಷ್ಟು ತಾಳ್ಮೆ ಎಲ್ಲಿ ಕಲಿತ್ರಿ?”

“ಮಧ್ಯೆ ಅಷ್ಟು ವರ್ಷ ಮನೇಲಿದ್ದೆ ಅಂತ ಬರೆದಿದ್ದೀನಲ್ಲ ಮೇಡಂ. ಅಲ್ಲೇ.”

“ಸೋಮವಾರದಿಂದ ಬರ್ತೀರಾ?”

ಅವಳು ಬಾಯಿ ತೆರೆಯುವುದರೊಳಗೆ “ಬರ್ತಾಳೆ!” ಅಂತ ನಾನೇ ಕೂಗಿಬಿಟ್ಟೆ.

ಕರೆ ಮುಗಿದ ಮೇಲೆ ಅವಳ ಎದುರು ನೆಲದ ಮೇಲೇ ಕೂತೆ. “ಇವಳೇ, ಬೈಯೋದಿದ್ದರೆ ಬೈದುಬಿಡು. ಕೇಬಲ್ಲಿನವರನ್ನ ಕರೆಸೋಣ ಅಂತ ನೀನು ಹೇಳಿದ್ದೆ.”

“ಹೇಳಿದ್ದೆ” ಅಂದಳು. ನನ್ನ ತಲೆಯಿಂದ ಜೇಡರಬಲೆ ತೆಗೆದು ಹಾಕಿದಳು. “ಕರೆಸಿದ್ರೆ ಕೇಬಲ್ ಸಿಗ್ತಿತ್ತು, ಕೆಲಸ ಸಿಗ್ತಿತ್ತೋ ಇಲ್ವೋ. ಏಳಿ, ತಿಂಡಿ ತಿನ್ನಿ.”

ನಮ್ಮಮ್ಮನನ್ನು ನೋಡಿಕೊಂಡದ್ದಕ್ಕೆ ಅವಳಿಗೆ ಒಂದು ಒಳ್ಳೆ ಮಾತನ್ನೂ ಬಾಯಿಬಿಟ್ಟು ಹೇಳಿರಲಿಲ್ಲ ನಾನು. ಅವತ್ತು ತಿಂಡಿ ತಟ್ಟೆ ಹಿಡಿದುಕೊಂಡು ಹೇಳಿದೆ, “ನಿನ್ನಿಂದ ನಮಗೆ ತುಂಬಾ ಉಪಕಾರ ಆಯ್ತು ಕಣೇ.” ಅವಳು “ಆರಿಹೋಗುತ್ತೆ, ತಿನ್ನಿ” ಅಂತ ಆ ಕಡೆ ತಿರುಗಿಕೊಂಡಳು. ಅತ್ತೆ ಧಾರಾವಾಹಿಯ ಸದ್ದು ಜೋರು ಮಾಡಿದರು.

ಅವಳೀಗ ಅಲ್ಲಿ ಹೊಸಬರಿಗೆ ತರಬೇತಿ ಕೊಡುತ್ತಾಳೆ. ಅದಕ್ಕೆ ಒಬ್ಬ ಗ್ರಾಹಕ ಬೇಕಂತೆ, ಮೇಡಂ ನನ್ನನ್ನೇ ಕೇಳಿದ್ದಾರೆ. ಬೇರೆ ಯಾರೂ ಅಷ್ಟು ಸಹಜವಾಗಿರೋದಿಲ್ಲವಂತೆ! ನಾನು ಸಂತೋಷದಿಂದ ಒಪ್ಪಿಕೊಂಡೆ. ಕಳೆದ ವಾರ ಮೊದಲ ತರಬೇತಿಗೆ ಮುಂಚೆ ಕನ್ನಡಿ ಮುಂದೆ ನಿಂತು, ಹುಬ್ಬು ಗಂಟಿಕ್ಕಿ, ಏನೂ ತಿಳಿಯದವನ ಹಾಗೆ ನಟಿಸುವುದನ್ನು ಅಭ್ಯಾಸ ಮಾಡುತ್ತಿದ್ದೆ.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

“ನಟನೆ ಎಲ್ಲಾ ಬೇಡ ರೀ. ಕೈಗೆ ಕೇಬಲ್ ಕೊಡ್ತೀನಿ, ನೀವು ಮನಸ್ಸಿಟ್ಟು ಸರಿಯಾಗಿ ಜೋಡಿಸೋಕೆ ಪ್ರಯತ್ನ ಮಾಡಿ. ಅಷ್ಟು ಸಾಕು!”